ಬಾಳೆಕರೆಯ ಹೆಬ್ಬೆರಳು

ಹೊಸಪೇಟೆ ಇನ್ನೂ ಮದ್ರಾಸ್ ಸರ್ಕಾರದ ಕೆಳಗಿದ್ದ ಕಾಲ. ಮಕ್ಕಳಾಗದಂತೆ ಆಪರೇಷನ್ ಮಾಡಿರೆಂದು ಕೇಳಲು ಬಂದ ಎಲ್ಲಮ್ಮನನ್ನು ಅಲ್ಲಿನ ಡಾಕ್ಟರು ಚೀಟಿಯಲ್ಲಿ ಹುಚ್ಚಿ ಎಂದು ಬರೆದರು.

"ಹಂಗ ಬರದ್ರಷ್ಟ ಮದ್ರಾಸಿನ ದೊಡ್ಡ ಡಾಕ್ಟರು ಒಪ್ತಾರ, ಶಾಣ್ಯಾರಿಗೆ ಈ ಆಪರೇಷನ್ ಇಲ್ಲಂತಾರ. ಹೆಬ್ಬೆಟ್ಟು ಒತ್ತವ್ವ, ನಾಳೇನ ಮಾಡ್ತೀನಿ," ಎಂದು ಮಸಿಡಬ್ಬಿ ಸರಿಸಿದರು. ಜೊತೆಗೆ ಬಂದಿದ್ದ ಅತ್ತೆ ವಿರುಪಮ್ಮ ನಕ್ಕಳು: "ಕೂಸು ಬ್ಯಾಡ ಅನ್ನಾಕಿ ಮತ್ತೇನು, ಶಾಣ್ಯಾಕೇನು? ಒತ್ತಲೇ!"

ಎಲ್ಲಮ್ಮ ಹೆಬ್ಬೆರಳು ನೋಡಿಕೊಂಡಳು. ಬಾಳೆಯ ಕರೆ ಅದರಲ್ಲಿ ಆಗಲೇ ಕಪ್ಪಾಗಿ ಕೂತಿತ್ತು. ಕಮಲಾಪುರದ ತೋಟದಲ್ಲಿ ಇಪ್ಪತ್ತು ಆಳುಗಳು ಅವಳ ಮಾತು ಕೇಳಿ ಗೊನೆ ಕಡಿಯುತ್ತಿದ್ದರು. "ಎಂಟು ವರ್ಷ ವಿಚಾರ ಮಾಡಿ ಬಂದೀನ್ರಿ. ಇದು ನನ್ನ ಬುದ್ಧಿ, ಬ್ಯಾನಿ ಅಲ್ಲ."

"ಹಂಗಾದ್ರ ಆಪರೇಷನ್ ಇಲ್ಲ."

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದಳು. "ಮೊದ್ಲು ಹುಚ್ಚಿ ಅನ್ನೋದು ಹೊಡದು ಹಾಕ್ರಿ. ಅಲ್ಲೀತನ ನಾ ಒತ್ತಂಗಿಲ್ಲ."