ಎರಡು ಗಂಟೆಗೊಮ್ಮೆ

ಬಡಗಿ ತನ್ನ ಉಳಿ, ಸುತ್ತಿಗೆಗಳ ಚೀಲದಿಂದ ನಾಯಿಮರಿಯನ್ನು ಎತ್ತಿ ಪ್ರಾಣಿಗಳ ಡಾಕ್ಟರ ಮೇಜಿನ ಮೇಲೆ ಇಟ್ಟಾಗ ಅದರ ಮೂತಿಗೆಲ್ಲ ಮರದ ಹೊಟ್ಟು ಮೆತ್ತಿತ್ತು. ಕಣ್ಣು ಬಿಟ್ಟು ನಾಲ್ಕು ದಿನವೂ ಆಗಿರಲಿಕ್ಕಿಲ್ಲ. ಅಂಗೈಯಗಲದ ಜೀವ. ಕೂಗು ಮಾತ್ರ ಹೊರಗೆ ಬೆಂಚಿನ ಮೇಲೆ ಕೂತವರೂ ಕತ್ತೆತ್ತಿ ನೋಡುವಷ್ಟು ಜೋರಾಗಿತ್ತು.

“ಬುದ್ಧಿ ಇದೆಯೇನಯ್ಯಾ ನಿನಗೆ?” ಡಾಕ್ಟರು ಗದರಿದರು. “ಇದಕ್ಕಿನ್ನೂ ಮೂರು ವಾರ ತುಂಬಿಲ್ಲ. ಎಂಟು ವಾರ ತಾಯಿ ಮಗ್ಗುಲಲ್ಲೇ ಇರಬೇಕಾದ ಮರಿ. ಹೀಗೆ ಕಿತ್ಕೊಂಡು ಬರೋಕೆ ಮನಸ್ಸಾದ್ರೂ ಹೇಗೆ ಬಂತು?”

“ನಾನು ಕಿತ್ಕೊಂಡು ಬಂದಿದ್ದಲ್ಲ ಸಾರ್. ಬಾಗಿಲು ರಿಪೇರಿಗೆ ಹೋಗಿದ್ನಲ್ಲ, ಆ ಮನೆಯವರು ಊರು ಬಿಟ್ರು. ತಾಯಿನ ಲಾರಿ ಹತ್ತಿಸ್ಕೊಂಡ್ರು, ಮರಿಗಳನ್ನ ಸಿಕ್ಕಿದೋರ ಕೈಗೆ ಕೊಟ್ರು. ಬೆಳಿಗ್ಗೆಯಿಂದ ಒಂದು ಗುಟುಕು ಕುಡಿದಿಲ್ಲ. ಬಟ್ಟಲಲ್ಲಿ ಹಾಲಿಟ್ರೆ ಅದರೊಳಗೇ ಬೀಳುತ್ತೆ.”

ಡಾಕ್ಟರು ಮೆತ್ತಗಾದರು. “ಸರಿ, ಸಂಜೆವರೆಗೆ ಇಲ್ಲೇ ಬಿಟ್ಟು ಹೋಗು. ಎರಡು ಗಂಟೆಗೊಮ್ಮೆ ಹೊಟ್ಟೆಗೆ ಹಾಲು ಬೀಳಲೇಬೇಕು. ಸಿಸ್ಟರ್ ನೋಡ್ಕೊಳ್ತಾಳೆ.”

ಸಿಸ್ಟರ್ ಎಂದರೆ ಆರು ವರ್ಷದಿಂದ ಅವರ ಬಳಿ ಇದ್ದ ಸಹಾಯಕಿ. ಹೆರಿಗೆ ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಮರಳಿ ಅವಳಿಗೆ ಅಂದು ಮೂರನೆಯ ದಿನ. ಬದಲಿಗೆ ಬಂದಿದ್ದವಳು ಹೇಳದೆ ಕೇಳದೆ ಬಿಟ್ಟುಹೋದಾಗ ಡಾಕ್ಟರೇ ಫೋನ್ ಮಾಡಿ, “ಎರಡು ತಿಂಗಳಾಯ್ತಲ್ಲಮ್ಮ, ಇನ್ನೇನು, ಬಂದ್ಬಿಡು” ಎಂದಿದ್ದರು. ಮಧ್ಯಾಹ್ನ ಮನೆಗೆ ಹೋಗಿ ಮಗುವಿಗೆ ಹಾಲು ಕೊಟ್ಟು ಬರಬಹುದೆಂದು ಮಾತೂ ಆಗಿತ್ತು. ಆದರೆ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಕಾಲು ಮುರಿದುಕೊಂಡ ಬೆಕ್ಕು ಬಂದಿತ್ತು, ಮರುದಿನ ಕಲ್ಲು ನುಂಗಿದ ನಾಯಿ.

ಅವಳು ಹಾಲನ್ನು ಬೆಚ್ಚಗೆ ಮಾಡಿ, ಸಣ್ಣ ಬಾಟಲಿಗೆ ತುಂಬಿ, ಮರಿಯನ್ನು ಎಡತೋಳಿನ ಮೇಲೆ ಅಂಗಾತ ಮಲಗಿಸಿಕೊಂಡಳು.

“ಏ, ಏ! ಮಗುವಲ್ಲಮ್ಮ ಅದು!” ಡಾಕ್ಟರು ಕೂಗಿದರು. “ಹೊಟ್ಟೆ ಕೆಳಗೆ ಮಾಡು. ಹಾಲು ಶ್ವಾಸಕೋಶಕ್ಕೆ ಹೋದ್ರೆ ಕಥೆ ಮುಗೀತು.”

ಅವಳಿಗೆ ಗೊತ್ತಿರದ ವಿಷಯವೇನಲ್ಲ. ಇಂಥ ಎಷ್ಟೋ ಮರಿಗಳಿಗೆ ಕುಡಿಸಿದ ಕೈ; ಇವತ್ತು ಮರೆತಿತ್ತು, ಅಷ್ಟೆ. ಬೋರಲು ಹಿಡಿದು ಬಾಟಲಿಯ ತೊಟ್ಟನ್ನು ಬಾಯಿಗಿಟ್ಟಳು. ಮರಿ ಎರಡು ಸಲ ಉಗುಳಿತು. ಮೂರನೆಯ ಸಲ ಕಚ್ಚಿ ಹಿಡಿದು, ಮುಂಗಾಲುಗಳಿಂದ ಅವಳ ಮಣಿಕಟ್ಟನ್ನು ಒತ್ತುತ್ತ ಚೀಪತೊಡಗಿತು. ಅವಳ ಎದೆಯಲ್ಲಿ ಜುಮ್ಮೆಂದಿತು. ಕುಪ್ಪಸ ಒದ್ದೆಯಾದದ್ದು ತಿಳಿದು, ಬಿಳಿ ಕೋಟಿನ ಗುಂಡಿಗಳನ್ನು ಒಂದೇ ಕೈಯಲ್ಲಿ ಕತ್ತಿನವರೆಗೂ ಹಾಕಿಕೊಂಡಳು. ಕುಡಿದಾದ ಮೇಲೆ ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಮರಿಯ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒರೆಸಿದಳು. ತಾಯಿ ನೆಕ್ಕಿದರೆ ಆಗುವಂತೆಯೇ ಅದು ಉಚ್ಚೆ ಹೊಯ್ದು, ಹಳೇ ಟವೆಲಿನ ಮೇಲೆ ನಿದ್ದೆ ಹೋಯಿತು.

ಮರಿ ಮಲಗಿತು, ಇವಳ ಕಾಲು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಗಡಿಯಾರ ನೋಡಿದಳು, ಇನ್ನೊಮ್ಮೆ ನೋಡಿದಾಗ ಮುಳ್ಳು ನಾಲ್ಕು ನಿಮಿಷ ಸರಿದಿತ್ತು. ಗಿಳಿಯ ಔಷಧಿ ಚೀಟಿಯನ್ನು ಬೆಕ್ಕಿನವರ ಕೈಗೆ ಕೊಟ್ಟಳು, ಬಾಗಿಲ ತನಕ ಓಡಿಹೋಗಿ ಬದಲಾಯಿಸಿಕೊಂಡು ಬಂದಳು. ತೊಳೆದ ಕತ್ತರಿಗಳನ್ನೇ ಮತ್ತೆ ತೊಳೆದಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ತೋಳು ತಾಗಿದರೂ ಜೀವ ಹೋದಂತಾಗುತ್ತಿತ್ತು.

ಹನ್ನೆರಡಕ್ಕೆ ಮರಿ ಎದ್ದು ಕೂಗಿತು. ಅವಳು ಹಾಲು ಕಾಯಿಸಿ ಬಾಟಲಿ ತುಂಬಿಕೊಂಡು ಡಾಕ್ಟರ ಎದುರು ಹೋಗಿ ನಿಂತಳು.

“ಸಾರ್, ಮನೆಗೆ ಹೋಗಿ ಬರ್ತೀನಿ. ಮುಕ್ಕಾಲು ಗಂಟೆ.”

“ಈಗಲಾ? ಅದು ಅಳ್ತಾ ಇದೆಯಲ್ಲಮ್ಮ. ಯಾರು ಕುಡಿಸ್ತಾರೆ?”

ಅವಳು ಮರಿಯನ್ನು ಅವರ ಒಂದು ಕೈಯಲ್ಲಿಟ್ಟಳು, ಬಾಟಲಿಯನ್ನು ಇನ್ನೊಂದರಲ್ಲಿ. “ಹೊಟ್ಟೆ ಕೆಳಗೆ ಸಾರ್,” ಎಂದಳು. ತನ್ನ ದನಿ ಕೇಳಿ ಅವಳಿಗೇ ಆಶ್ಚರ್ಯವಾಯಿತು.

ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅರ್ಧ ದಾರಿ ನಡೆದಳು, ಅರ್ಧ ಓಡಿದಳು. ಮೂರು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಕಿವಿಗೊಟ್ಟಳು. ಅಳು ಕೇಳಿಸಲಿಲ್ಲ. ಅಳಲೂ ತ್ರಾಣವಿಲ್ಲದೆ ಸುಮ್ಮನಾಗಿದ್ದಾನೋ ಏನೋ ಎಂದು ಕೊನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಬಾಗಿಲು ತೆರೆದ ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಮುಖ ಅರಳಿತ್ತು.

“ಶ್… ಈಗಷ್ಟೇ ಮಲಗಿದ. ಎರಡು ದಿನ ಬಾಟಲಿ ಬೇಡ ಅಂತ ರಚ್ಚೆ ಹಿಡಿದಿದ್ನಲ್ಲ, ಇವತ್ತು ನೋಡು, ಒಂದು ಹನಿ ಬಿಡದೆ ಕುಡಿದ! ಇನ್ನು ನೀನು ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗ್ಬಹುದು ಕಣೇ.”

ಮಗುವಿನ ತುಟಿಯಂಚಿನಲ್ಲಿ ಪುಡಿಹಾಲಿನ ಬಿಳಿ ಗೆರೆ ಇನ್ನೂ ಆರಿರಲಿಲ್ಲ. ತುಂಬಿದ ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ವಾಪಸ್ ಹೊರಡಲು ಇನ್ನು ಹತ್ತು ನಿಮಿಷವಿತ್ತು. ಅವಳು ಕೋಟಿನ ಗುಂಡಿಗಳನ್ನು ಬಿಚ್ಚಿಕೊಂಡು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು, ಅವನು ಒಂದೇ ಒಂದು ಸಲ ಅಳಲಿ ಎಂದು ಕಾಯತೊಡಗಿದಳು.