ಸೆಳೆತವಿಲ್ಲದ ಪುಡಿ

ತಕ್ಕಡಿಯ ಮುಳ್ಳು ಮತ್ತೆ ವಾಲಿತು. ಮಧುಶ್ರೀಗೆ ಅಳಬೇಕೋ, ಆ ತಕ್ಕಡಿಯನ್ನೇ ಎತ್ತಿ ಕಪಿಲಾ ಹೊಳೆಗೆ ಎಸೆಯಬೇಕೋ ತಿಳಿಯಲಿಲ್ಲ.

ಅಯಸ್ಕಾಂತದ ಎರಡು ಧ್ರುವಗಳ ನಡುವೆ, ತಕ್ಕಡಿಯಿಂದ ಇಳಿಬಿಟ್ಟ, ಪುಡಿ ತುಂಬಿದ ಗಾಜಿನ ಕೊಳವೆ ನೇತಾಡುತ್ತಿತ್ತು. ಒಳಗಿದ್ದುದು ಅವಳೇ ತಯಾರಿಸಿದ ಲ್ಯಾಂಥನಮ್ ಸಂಯುಕ್ತ. ಅಯಸ್ಕಾಂತ ಅದನ್ನು ಸೆಳೆಯಲೇಬಾರದು. ಆದರೂ ಅಯಸ್ಕಾಂತದ ಸ್ವಿಚ್ ಹಾಕಿದೊಡನೆ ಕೊಳವೆ ಕೆಳಕ್ಕೆ ಜಗ್ಗುತ್ತಿತ್ತು. ತೊಂಬತ್ತೆಂಟರ ಬೇಸಿಗೆಯಿಡೀ ಇದೇ ಗೋಳು.

"ಯಾವುದೋ ಕಸ ಸೇರಿದೆ ಕಣಮ್ಮ," ಎಂದರು ಗೈಡ್ ಗಂಗಾಧರಸ್ವಾಮಿ. "ಈ ವಾರ ಸರಿಹೋಗದಿದ್ರೆ ಥೀಸಿಸ್ ಮರೆತುಬಿಡು."

ಕಸ ಯಾರದೆಂಬ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ನಂಜನಗೂಡಿನ ಆ ಕಾಲೇಜು ಲ್ಯಾಬಿನಲ್ಲಿ ಇದ್ದವರೇ ಇಬ್ಬರು. ಪಕ್ಕದ ಮೇಜಿನ ಮದನನದು ಗ್ಯಾಡೊಲಿನಿಯಮ್, ಅಯಸ್ಕಾಂತ ಕಂಡರೆ ಓಡಿಬರುವ ಪುಡಿ.

"ನನ್ನ ಪುಡಿ ನಿಮ್ಮ ಮೇಜಿನ ಹತ್ರಾನೂ ಬಂದಿಲ್ಲ ಕಣ್ರೀ," ಎಂದ ಮದನ್. "ನಿಮ್ಮ ಸಾಮಾನು ನೀವೇ ಒಂದ್ಸಲ ನೋಡ್ಕೊಳ್ಳಿ."

ಅವಳಿಗೆ ಮೈಯೆಲ್ಲ ಉರಿಯಿತು. ಇವನಿಂದ ಪಾಠ ಬೇರೆ! ತಲಕಾಡಿನ ಮರಳಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಹೊರಳಿಸಿ, ಅದಕ್ಕೆ ಮೀಸೆಯಂತೆ ಮೆತ್ತಿಕೊಳ್ಳುವ ಕಪ್ಪು ಪುಡಿ ನೋಡುತ್ತ ಬೆಳೆದವಳು ಅವಳು. ಈ ಹುಚ್ಚು ಹಿಡಿದದ್ದೇ ಅಲ್ಲಿ. ಪುಡಿ ಅರೆಯುವ ಪುಟ್ಟ ಕಲ್ಲೊರಳನ್ನೂ ಮದನನ ಕೈಗೆ ಸಿಗದಂತೆ ಊಟದ ಡಬ್ಬಿಯ ಚೀಲದಲ್ಲಿ ಹಾಕಿ ದಿನಾ ತಲಕಾಡಿನ ಮನೆಗೆ ಒಯ್ಯುತ್ತಿದ್ದಳು. ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದಳು.

ಮಾರನೆಯ ದಿನ ದೂರು ಕೊಟ್ಟಳು. ಗೈಡ್ ಮದನನನ್ನು ಲ್ಯಾಬಿನಿಂದ ಹೊರಗೆ ಹಾಕಿದರು. ಅವನು ತನ್ನ ಬಾಟಲಿಗಳನ್ನು ಎತ್ತಿಕೊಂಡು ಹೋದ. ಮಧುಶ್ರೀ ಮೇಜು ತೊಳೆದಳು, ಹೊಸ ಕೊಳವೆ ತಂದಳು, ಸಂಯುಕ್ತವನ್ನು ಮೊದಲಿನಿಂದ ಮಾಡಿ, ಅರೆದು, ತುಂಬಿ ತೂಗುಹಾಕಿದಳು.

ಕೊಳವೆ ಜಗ್ಗಿತು. ಗಂಗಾಧರಸ್ವಾಮಿ ಮುಖ ತಿರುಗಿಸಿ ಹೊರಟುಹೋದರು.

ಟಿ. ನರಸೀಪುರದಲ್ಲಿ ಬಸ್ಸು ಬದಲಿಸುವಾಗಲೂ ಅವಳು ಮದನನನ್ನೇ ಶಪಿಸುತ್ತಿದ್ದಳು. ಹೋಗುವ ಮುಂಚೆ ಇನ್ನೆಲ್ಲಿ ಚೆಲ್ಲಿ ಹೋಗಿದ್ದಾನೋ. ಮನೆ ಸೇರಿದವಳೇ ಚೀಲವನ್ನು ಜಗಲಿಗೆ ಒಗೆದು ಕುಸಿದು ಕೂತಳು.

ಅವ್ವ ಗೋವಿಂದಮ್ಮ ಮಗಳ ಮುಖ ನೋಡಿ, ಚೀಲ ಎತ್ತಿಕೊಂಡು ಹಿತ್ತಲಿಗೆ ನಡೆದಳು. ದುಃಖ ತಡೆಯಲಾರದೆ ಮಧುಶ್ರೀಯೂ ಹಿಂದೆಯೇ ಹೋದಳು.

"ನಿನ್ ಓದ್ಗೆ ನಂಗಿನ್ನೇನ್ ಮಾಡಕ್ ಬತ್ತದೆ ಕಣವ್ವ," ಎಂದಳು ಗೋವಿಂದಮ್ಮ, ಚೀಲದಿಂದ ತೆಗೆದ ಪುಟ್ಟ ಒರಳಿಗೆ ಕಪ್ಪು ಪುಡಿ ಬೆರೆತ ಒಂದು ಹಿಡಿ ಹೊಳೆ ಮರಳು ಹಾಕಿ ಗಸಗಸ ಉಜ್ಜುತ್ತ. "ದಿನಾ ಈ ಕಲ್ಲ ಬೆಳ್ಳಗ್ ಮಾಡಿ ಕಳಿಸ್ತೀನಿ, ಅಷ್ಟೇಯ."