ಕೊನೆಯ ಪಾಳಿ

"ನೋಡ್ರಪ್ಪಾ, ಹೆತ್ತಪ್ಪನ ಅನ್ನಕ್ಕೇ ಕಲ್ಲು ಹಾಕಿದ ಕಂಪ್ಯೂಟರ್ ಪಂಡಿತ!" ಕಟಾವು ಯಂತ್ರದ ಶೆಡ್ಡಿನಲ್ಲಿ ಎಲ್ಲರೆದುರು ಕೂಗಿದ ಅಣ್ಣ, ಮಳೆಗೆ ನೆಂದು ಮೊಳಕೆಯೊಡೆದ ಗೋಧಿ ತೆನೆಯನ್ನು ತಮ್ಮನ ಮುಖಕ್ಕೆ ಎಸೆದ.

ಊರಿಗೆಲ್ಲ ಇದ್ದ ಆ ಒಂದೇ ಯಂತ್ರ ಯಾರ ಹೊಲಕ್ಕೆ ಮೊದಲು ಹೋಗಬೇಕೆಂದು ಮೋಡ ನೋಡಿ ದಿನವೂ ಲೆಕ್ಕ ಹಾಕುವ ಕಂಪ್ಯೂಟರು ತಮ್ಮನ ಕೈಯಲ್ಲಿತ್ತು. ಬೆಳೆ ಎಷ್ಟು ದಿನ ತಡೆಯುತ್ತದೆಂದು ಅದು ಕೇಳಿದರೆ ಊರಿಗೆ ಊರೇ, "ಇವತ್ತು ಕೊಯ್ದಿಲ್ಲ ಅಂದ್ರೆ ಹೋಯ್ತು" ಎಂದು ಬೊಗಳೆ ಬಿಟ್ಟಿತ್ತು. ತಮ್ಮ ನಗುತ್ತಲೇ ಅದನ್ನೆಲ್ಲ ತುಂಬಿಸಿದ್ದ. ಅಪ್ಪ ಮಾತ್ರ, "ನಮ್ದು ಇನ್ನೊಂದು ವಾರ ತಡೆಯುತ್ತೆ ಬಿಡೋ" ಎಂದು ನಿಜ ಹೇಳಿದ್ದ. ಕಂಪ್ಯೂಟರು ಅಪ್ಪನ ಹೊಲವನ್ನು ಕೊನೆಗೆ ತಳ್ಳಿತು. ಯಂತ್ರಕ್ಕಿಂತ ಮೊದಲು ಮಳೆ ಬಂತು.

ಶೆಡ್ಡಿನಲ್ಲೇ ನಿಂತಿದ್ದ ಅಪ್ಪ ಬಗ್ಗಿ ತೆನೆ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿದ. ಕಾಳು ಕಲಸಿದ ಹಿಟ್ಟಿನಂತೆ ಅಂಟಿತು. "ಅವ್ರೆಲ್ಲ ಸುಳ್ಳು ಹೇಳಿದ್ದು ನಿಂಗೆ ಗೊತ್ತಿತ್ತೇನೋ, ಮಗಾ?"

ತಮ್ಮ ತಲೆ ಎತ್ತದೆ ಶೆಡ್ಡಿನಿಂದ ಹೊರಗೆ ನಡೆದ.